ಮಿಠೀ ನದಿಗೆ ಗೋಡೆ ಸಾಲದು, ಜಾಗ ಬೇಕು!



“ಹೋಟೆಲ್ ಮಾಣಿಗೂ ಗಿರಣಿ ಕಾರ್ಮಿಕನಿಗೂ ನದಿ, ಮೀನು, ಹಕ್ಕಿಗಳ ಗೊಡವೆ ಏಕೆ? ಪಗಾರ, ಬೋನಸ್ಸು, ಖೋಲಿ ಇವುಗಳ ವಿಷಯ ಬರೆಯಿರಿ” ಎಂದು ಕೆಲವು ಮಿತ್ರರು ನಮಗೆ ಹೇಳಿದ್ದಾರೆ. ಪ್ರಶ್ನೆ ಸರಿಯಾದುದೇ. ಉತ್ತರ ಕೊಡುವುದು ನಮ್ಮ ಕರ್ತವ್ಯ.

2005ನೇ ಇಸವಿಯ ಜುಲೈ 26ನ್ನು ಮರೆತವರುಂಟೇ? ಆ ದಿನ ಸಾಂತಾಕ್ರೂಜಿನಲ್ಲಿ 24 ತಾಸಿನೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಆಗ ನಾವು ಕುರ್ಲಾದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಹುಡುಗರು. ಸಂಜೆಯಾಗುವಷ್ಟರಲ್ಲಿ ಮಿಠೀ ನದಿ ಅಡಿಗೆಮನೆಯ ಒಲೆಗಳನ್ನು ಮುಳುಗಿಸಿತು. ರಾತ್ರಿಯಿಡೀ ಅಟ್ಟದ ಮೇಲೆ ಅಕ್ಕಿ ಮೂಟೆಗಳ ನಡುವೆ ಕುಳಿತೆವು. ನಮ್ಮ ಟ್ರಂಕುಗಳು, ಊರಿಗೆ ಕಳಿಸಲು ಕೂಡಿಟ್ಟ ಹಣ, ಎಲ್ಲವೂ ಹೋದವು. ನೀರಿಳಿದ ಮೇಲೆ ಧಣಿಗಳು ಹಾಳಾದ ಸಾಮಾನಿನ ಲೆಕ್ಕ ಬರೆದರು. ನಮ್ಮ ಟ್ರಂಕುಗಳ ಲೆಕ್ಕವನ್ನು ಯಾರೂ ಬರೆಯಲಿಲ್ಲ. ನಗರದಲ್ಲಿ ನೂರಾರು ಮಂದಿ ಸತ್ತರು. ಸತ್ತವರಲ್ಲಿ ಬಡವರೆಷ್ಟು, ಬಂಗಲೆಯವರೆಷ್ಟು ಎಂದು ಬೇರೆ ಹೇಳಬೇಕೇ? ನದಿಯ ಗೊಡವೆ ನಮಗೇಕೆ ಎಂಬುದಕ್ಕೆ ಇದೇ ಮೊದಲನೆಯ ಉತ್ತರ.

ಮಳೆ ದೇವರದು, ನಿಜ. ನೀರಿನ ದಾರಿ ಮುಚ್ಚಿದವರು ಮಾತ್ರ ಮನುಷ್ಯರು. ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿಯ ನೀರಿನಿಂದ ಹೊರಡುವ ಈ ನದಿ ಸುಮಾರು 18 ಕಿಲೋಮೀಟರ್ ಹರಿದು ಮಾಹೀಮಿನ ಖಾಡಿಯಲ್ಲಿ ಕಡಲು ಸೇರುತ್ತದೆ. ಮಿಠೀ ಎಂದರೆ ಸಿಹಿ. ಇಂದು ಅದರ ದಡದಲ್ಲಿ ಮೂಗು ಮುಚ್ಚದೆ ನಿಲ್ಲುವಂತಿಲ್ಲ. ವಿಮಾನ ನಿಲ್ದಾಣದ ಓಡುದಾರಿಗಾಗಿ ನದಿಯನ್ನು ತಿರುಗಿಸಿ ಹಿಸುಕಿದರು. ಖಾಡಿಯ ಬದಿಯ ಜವುಗು ನೆಲಕ್ಕೆ ಮಣ್ಣು ತುಂಬಿ ಬಾಂದ್ರಾ-ಕುರ್ಲಾ ಸಂಕುಲ ಕಟ್ಟಿದರು. ಆದರೂ ನೆರೆ ಬಂದಾಗಲೆಲ್ಲ ಬೊಟ್ಟು ಮಾಡಿ ತೋರಿಸುವುದು ದಡದ ಝೋಪಡಿಯವರನ್ನು! ಹತ್ತಡಿ ಜಾಗದಲ್ಲಿ ತಗಡು ಹಾಕಿದವನು ಅತಿಕ್ರಮಣಕಾರ. ನೂರಾರು ಎಕರೆ ತುಂಬಿದವನು ಅಭಿವೃದ್ಧಿಕಾರ. ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ತುಂಬಿಹೋದ ಆ ಜವುಗು ನೆಲ ಬಂಜರಾಗಿತ್ತೇ? ಕುಂದಾಪುರ, ಹೊನ್ನಾವರದ ಕಡೆಯ ಬಂಧುಗಳು ಕಾಂಡ್ಲ ಗಿಡವನ್ನು ಬಲ್ಲರು. ಇಲ್ಲಿಯವರು ಅದಕ್ಕೆ ತಿವರ ಎನ್ನುತ್ತಾರೆ. ಉಪ್ಪು ನೀರಿನ ಕೆಸರಿನಲ್ಲಿ ಬೆಳೆದು, ಬೇರುಗಳಿಂದ ಮಣ್ಣನ್ನು ಹಿಡಿದು, ಅಲೆಯ ಪೆಟ್ಟನ್ನು ತಾನು ತಿನ್ನುವ ಗಿಡ ಅದು. ಆ ಬೇರುಗಳ ನಡುವೆ ಸಿಗಡಿ, ಏಡಿ, ಮೀನಿನ ಮರಿಗಳು ದೊಡ್ಡ ಮೀನುಗಳ ಬಾಯಿಗೆ ಬೀಳದೆ ಬೆಳೆಯುತ್ತವೆ. ಉದುರಿದ ಎಲೆ ಕೊಳೆತು ಅವುಗಳಿಗೆ ಆಹಾರವಾಗುತ್ತದೆ. ಖಾಡಿ ಕಡಲಿನ ತೊಟ್ಟಿಲು. ತೊಟ್ಟಿಲು ಮುರಿದ ಮೇಲೆ ಬಲೆಯಲ್ಲಿ ಮೀನೆಲ್ಲಿ? ಧಾರಾವಿ ಮೊದಲು ಕೋಳಿ ಬೆಸ್ತರ ಹಳ್ಳಿಯಾಗಿತ್ತು. ಊರಿನ ಮೊಗವೀರ ಬಂಧುಗಳಂತೆಯೇ ನೀರನ್ನು ನಂಬಿ ಬದುಕಿದವರು ಅವರು. ಇಂದು ಮಾಹೀಮಿನ ಖಾಡಿಯಲ್ಲಿ ಬಲೆ ಹಾಕಿದರೆ ಪ್ಲಾಸ್ಟಿಕ್ ಸಿಗುತ್ತದೆ. ಅನ್ನ ಕಳೆದುಕೊಂಡ ಕೋಳಿಯೂ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕನೂ ಬೇರೆ ಬೇರೆಯೇ?

ಗಿರಣಿ ಬಂಧುಗಳಿಗೆ ಜಮೀನಿನ ಆಟ ಹೊಸದಲ್ಲ. 1991ರ ನಿಯಮದಂತೆ ಗಿರಣಿ ಜಮೀನಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ ಸಿಗಬೇಕಿತ್ತು. 2001ರಲ್ಲಿ ನಿಯಮ ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಹಂಚಿದರೆ ಸಾಕೆಂದರು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗಿರಣಿ ಜಮೀನನ್ನು ನುಂಗಿದ ಹಸಿವೇ ಈಗ ಖಾಡಿಯ ಕಡೆ ಬಾಯಿ ತೆರೆದಿದೆ. 2024ರಲ್ಲಿ ಮಹಾರಾಷ್ಟ್ರ ಮಂತ್ರಿಮಂಡಲ ಸುಮಾರು 256 ಎಕರೆ ಉಪ್ಪಿನ ಗದ್ದೆಗಳನ್ನು ಧಾರಾವಿಯಿಂದ ಎಬ್ಬಿಸಲ್ಪಡುವವರ ವಸತಿಗೆಂದು ಕೊಡಲು ಒಪ್ಪಿತು. ಮಳೆ ನೀರಿಗೂ ಉಬ್ಬರದ ನೀರಿಗೂ ನಿಲ್ಲಲು ಎಡೆ ಕೊಡುವ ತಗ್ಗು ನೆಲ ಅದು. ಬಡವನಿಗೆ ಮನೆ ಬೇಕು, ಬೇಕೇ ಬೇಕು. ಆದರೆ ನೀರಿನ ಜಾಗದಲ್ಲಿ ಬಡವನನ್ನು ಕೂರಿಸಿ, ಒಣ ಜಾಗವನ್ನು ಇನ್ನೊಬ್ಬರಿಗೆ ಬಿಡಿಸಿಕೊಡುವುದು ಉಪಕಾರವೇ?

ಮಹಾಪೂರದ ಬಳಿಕ 2005ರಲ್ಲೇ ಮಿಠೀ ನದಿಗೆಂದು ಒಂದು ಪ್ರಾಧಿಕಾರ ಮಾಡಿದರು. ಅಂದಿನಿಂದ ವರ್ಷಂಪ್ರತಿ ಹೂಳೆತ್ತುವ ಗುತ್ತಿಗೆ, ದಡಕ್ಕೆ ಗೋಡೆ. 2025ರ ಮೇ ತಿಂಗಳಲ್ಲಿ ಇದೇ ಹೂಳಿನ ಲೆಕ್ಕದಲ್ಲಿ ಸುಮಾರು 65 ಕೋಟಿ ರೂಪಾಯಿಗಳ ಮೋಸವಾಗಿದೆಯೆಂಬ ಆರೋಪದ ಮೇಲೆ ಪೊಲೀಸರು ಮೊಕದ್ದಮೆ ಹೂಡಬೇಕಾಯಿತು. ಕುರ್ಲಾದಂಥ ಇಕ್ಕಟ್ಟಿನಲ್ಲಿ ಗೋಡೆ ಬೇಕಾದೀತು, ಅಲ್ಲಗಳೆಯುವುದಿಲ್ಲ. ಆದರೆ ಗೋಡೆಯನ್ನೇ ನದಿಯ ಪುನರುದ್ಧಾರವೆಂದು ಕರೆಯಬೇಡಿ. ದೊಡ್ಡ ಮಳೆಯ ದಿನ ಉಬ್ಬರದ ಕಡಲು ಎದುರು ನಿಂತರೆ ಗೋಡೆಯ ನಡುವಿನ ನೀರು ಓಡುವುದೆಲ್ಲಿಗೆ? ಹರಡಲು ಅದಕ್ಕೆ ಜವುಗು ಬೇಕು. ಸಿಮೆಂಟಿನಲ್ಲಿ ಕಾಂಡ್ಲ ಬೇರು ಬಿಡುವುದಿಲ್ಲ, ಏಡಿ ಬಿಲ ತೋಡುವುದಿಲ್ಲ. ಗಿಡ ನೆಟ್ಟು ಫೋಟೋ ತೆಗೆಸಿಕೊಂಡರೂ ಆಗದು. ಉಬ್ಬರ ಇಳಿತದ ನೀರು ಬಂದು ಹೋಗುವ ಕೆಸರು ನೆಲ ಬಿಟ್ಟುಕೊಟ್ಟರೆ, ಬೀಜ ತೇಲಿ ಬಂದು ಕಾಂಡ್ಲ ತಾನೇ ಏಳುತ್ತದೆ. ನೀರಿನ ದಾರಿ ಮುಚ್ಚಿದಲ್ಲಿ ಸಾವಿರ ಸಸಿ ನೆಟ್ಟರೂ ಬದುಕುವುದಿಲ್ಲ.

ಇದೆಲ್ಲ ಆಗದ ಮಾತೆನ್ನುವವರು ಠಾಣೆ ಖಾಡಿಯನ್ನು ನೋಡಿ ಬರಲಿ. 2005ರಲ್ಲಿ ಮುಂಬಯಿ ಹೈಕೋರ್ಟು ಕಾಂಡ್ಲ ನಾಶಕ್ಕೆ ತಡೆ ಹಾಕಿತು. 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಹುಟ್ಟಿತು. 2015ರಲ್ಲಿ ಖಾಡಿಯ ಸುಮಾರು 17 ಚದರ ಕಿಲೋಮೀಟರ್ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಹಕ್ಕಿಗಳು ಸಾವಿರಗಟ್ಟಲೆ ಇಳಿಯುತ್ತವೆ. ಠಾಣೆಯಲ್ಲಿ ಆದದ್ದು ಮಾಹೀಮಿನಲ್ಲಿ ಏಕಾಗಬಾರದು?

ಇನ್ನು ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಕರಿದ ಎಣ್ಣೆಯನ್ನು ರಾತ್ರಿ ಮೋರಿಗೆ ಸುರಿಯುವ ಕೈ ಯಾರದು? ನಮ್ಮದೇ. “ಸುರಿ” ಎಂದು ಹೇಳುವ ಬಾಯಿ ಧಣಿಗಳದು. ಆ ಜಿಡ್ಡು ಮೋರಿಯಲ್ಲಿ ಹೆಪ್ಪುಗಟ್ಟುತ್ತದೆ, ನದಿ ಸೇರಿದರೆ ನೀರಿನ ಉಸಿರು ಕಟ್ಟುತ್ತದೆ. ಇನ್ನು ಮೇಲೆ ನಾವು ಸುರಿಯಬಾರದು. ಎಣ್ಣೆಯನ್ನು ಬೇರೆ ಡಬ್ಬಿಯಲ್ಲಿ ಹಿಡಿಯಬೇಕು. ಜಿಡ್ಡು ತಡೆಯುವ ತೊಟ್ಟಿಯನ್ನು ಧಣಿಗಳು ಕಟ್ಟಿಸಬೇಕು, ತಮ್ಮ ಖರ್ಚಿನಲ್ಲಿ. ನಮ್ಮ ಪಗಾರದಿಂದ ಮುರಿದುಕೊಂಡಲ್ಲ.

ಸಂಘದ ಪ್ರತಿಯೊಂದು ಶಾಖೆಯೂ ಈ ಠರಾವುಗಳನ್ನು ಪಾಸು ಮಾಡಿ ಮಹಾನಗರಪಾಲಿಕೆಗೆ ಕಳಿಸಬೇಕೆಂದು ನಮ್ಮ ವಿನಂತಿ:

1. ಶುದ್ಧಿ ಮಾಡದ ಕೊಳಚೆ ನೀರು, ಕಾರಖಾನೆಯ ವಿಷ ಮಿಠೀ ನದಿಗೆ ಬೀಳಕೂಡದು.
2. ಖಾಡಿ, ಕಾಂಡ್ಲ, ಉಪ್ಪಿನ ಗದ್ದೆಗಳಿಗೆ ಇನ್ನೊಂದು ಬುಟ್ಟಿ ಮಣ್ಣೂ ಬೀಳಕೂಡದು. ಮುಚ್ಚಿದ ನೀರಿನ ದಾರಿಗಳನ್ನು ಸಾಧ್ಯವಿದ್ದಲ್ಲೆಲ್ಲ ತೆರೆಯಬೇಕು.
3. ದಡದ ಬಡವರನ್ನು ಎಬ್ಬಿಸಲೇಬೇಕಾದರೆ, ಮೊದಲು ಕೆಲಸದ ಹತ್ತಿರವೇ ಒಣ ಜಾಗದಲ್ಲಿ ಮನೆ, ಆಮೇಲೆ ಬುಲ್ಡೋಜರ್.
4. ಹೂಳಿನ ಲೆಕ್ಕವನ್ನು ವಾರ್ಡು ಕಚೇರಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಬೇಕು.

ಬಂಧುಗಳೇ, ಮೀನಿಗೆ ಜಾಗ ಸಿಕ್ಕಲ್ಲಿ ನೀರಿಗೂ ಜಾಗ ಸಿಗುತ್ತದೆ. ನೀರಿಗೆ ಜಾಗ ಸಿಕ್ಕರೆ ಅದು ನಮ್ಮ ಖೋಲಿಯ ಬಾಗಿಲು ತಟ್ಟುವುದಿಲ್ಲ. ಮುಂದಿನ ಮಳೆಗಾಲ ನಮ್ಮನ್ನು ಕೇಳಿಕೊಂಡು ಬರುವುದಿಲ್ಲ. ಅದಕ್ಕೆ ಮೊದಲೇ ನಾವು ಕೇಳೋಣ, ಒಟ್ಟಾಗಿ ಕೇಳೋಣ.