ಮೋಡಕ್ಕೆ ಬೀಳುವ ಕೀಡೆ, ಗಡಿಗೆ ನಿಲ್ಲುವ ಎಚ್ಚರಿಕೆ

‘ಮ್ವಾಡ ಹಾಕಿದ್ರ ಕೀಡಿ ಬೀಳ್ತಾವ.’ ಮಹಾರಾಷ್ಟ್ರದ ಔರಾದ ಶಹಾಜನಿ, ನಿಲಂಗಾ, ಉಮರ್ಗಾ, ಉದಗೀರ ಸುತ್ತಲಿನ ಕನ್ನಡದ ಮನೆಗಳಲ್ಲೂ ಗಡಿಯ ಈಚೆ ಕರ್ನಾಟಕದ ಭಾಲ್ಕಿಯಲ್ಲೂ ರೈತರು ಆಡುವ ಮಾತು ಇದು. ಅರ್ಧ ಸರಿಯಾದ ಮಾತು. ಮೋಡ ಕೀಡೆಯನ್ನು ಹೊತ್ತು ತರುವುದಿಲ್ಲ. ಆದರೆ ಬಿಸಿಲು ಮರೆಯಾಗಿ, ಗಾಳಿಯಲ್ಲಿ ತೇವ ನಿಂತು, ರಾತ್ರಿಯ ಸೆಕೆ ಇಳಿಯದೆ ಹೋದರೆ ಪತಂಗಕ್ಕೆ ಮೊಟ್ಟೆಯಿಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಹತ್ತಿಯ ಹಸಿರು ಕಾಯಿಕೊರಕದ ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಒಡೆಯುತ್ತದೆ. ಅದೇ ಮೂರ್ನಾಲ್ಕು ದಿನ ಜಿಟಿಜಿಟಿ ಮಳೆ. ಎರೆಮಣ್ಣು ಕಾಲು ಹಿಡಿಯುತ್ತದೆ, ಹೊಡೆದ ಎಣ್ಣೆ ತೊಳೆದು ಹೋಗುತ್ತದೆ. ಮೋಡ ಸರಿದು ಹೊಲಕ್ಕೆ ಇಳಿಯುವಷ್ಟರಲ್ಲಿ ಕೀಡೆ ಕಾಯಿ ಸೇರಿರುತ್ತದೆ. ನಡುವಿನ ಮೊಟ್ಟೆಯನ್ನು ಯಾರೂ ಕಂಡಿರುವುದಿಲ್ಲ.

ಹತ್ತಿಯ ಎಲ್ಲ ಹುಳಗಳಿಗೂ ಒಂದೇ ಹವೆ ಒಗ್ಗುವುದಿಲ್ಲ. ಜುಲೈನಲ್ಲಿ ಮಳೆ ಕೈಕೊಟ್ಟು ಒಣಹವೆ ಹಿಡಿದರೆ ಥ್ರಿಪ್ಸ್ ನುಸಿ ಏರುತ್ತದೆ. ಒಂದು ರಭಸದ ಮಳೆ ಬಿದ್ದರೆ ನುಸಿಯೂ ಸಸ್ಯಹೇನೂ ತೊಳೆದು ಹೋಗುತ್ತವೆ. ಮೋಡದ ತೇವಕ್ಕೆ ಹಸಿರು ಜಿಗಿಹುಳು ಹೆಚ್ಚಿ ಎಲೆಯಂಚು ಕೆಳಗೆ ಮುದುಡಿ ಕೆಂಪಾಗುತ್ತದೆ. ನುಸಿ, ಹೇನು ತೊಳೆಯುವ ಕೆಲಸ ಮಳೆಯೇ ಮಾಡಬಹುದು; ಅದಕ್ಕೆ ರೈತ ಸಾಲ ಮಾಡಿ ಎಣ್ಣೆಯ ಡಬ್ಬಿ ತರುತ್ತಾನೆ. ಆ ಮೊದಲ ಸಿಂಪಡಣೆಯಲ್ಲಿ ಹೇನು ತಿನ್ನುವ ಗುಲಗಂಜಿ ಹುಳವೂ ಸಾಯುತ್ತದೆ. ಮುಂದೆ ಹವೆ ಕೆಟ್ಟಾಗ ಹೊಲ ಕಾಯುವವರೇ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹವೆಗೆ ಕಟ್ಟುಬಿದ್ದದ್ದು ಗುಲಾಬಿ ಕಾಯಿಕೊರಕ, ಮರಾಠಿಯವರ ಗುಲಾಬಿ ಬೋಂಡಅಳಿ. 2002ರಲ್ಲಿ ಬಿಟಿ ಹತ್ತಿ ಬಂದಾಗ, 2006ರಲ್ಲಿ ಎರಡು ಜೀನಿನ ಬೀಜ ಬಂದಾಗ, ಇದರ ಕಾಟ ಮುಗಿಯಿತು ಎಂದುಕೊಂಡೆವು. ಹತ್ತು ವರ್ಷ ತುಂಬುವ ಹೊತ್ತಿಗೆ ಅದು ಎರಡನ್ನೂ ಅರಗಿಸಿಕೊಂಡಿತು. 2017ರಲ್ಲಿ ಮಹಾರಾಷ್ಟ್ರದ ಹತ್ತಿಯನ್ನು ಹಾಳುಗೆಡವಿತು. ಅದೇ ವರ್ಷ ಯವತಮಾಳದಲ್ಲಿ ಆಳೆತ್ತರದ ಹತ್ತಿಯ ನಡುವೆ, ಧಗೆಯಲ್ಲಿ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಜನ ವಿಷವೇರಿ ಸತ್ತರು. ಆ ಸಾವುಗಳನ್ನು ಮರೆತು ಕೀಟದ ಬಗ್ಗೆ ಬರೆಯುವುದು ನನಗಾಗದು.

ಗುಲಾಬಿ ಕಾಯಿಕೊರಕ ಹೊಕ್ಕ ಒಂದು ಕಾಯಿ ಒಡೆದು ನೋಡಿ. ಹೊರಗೆ ತೂತೂ ಕಾಣದು. ಒಳಗೆ ಅರಳೆ ಕಂದಿ, ಎರಡು ಬೀಜ ಒಂದಕ್ಕೊಂದು ಅಂಟಿ, ನಡುವೆ ಕೆಂಪು ಮೈಯ ಹುಳ. ಹಗಲು ಗಿಡ್ಡವಾಗಿ ಚಳಿ ಬಿದ್ದೊಡನೆ ಕೊನೆಯ ಪೀಳಿಗೆ ಹೀಗೆ ಬೀಜದ ಗೂಡಿನಲ್ಲಿ ಮಲಗುತ್ತದೆ: ಕಿತ್ತೊಟ್ಟಿದ ಹತ್ತಿಕಟ್ಟಿಗೆಯಲ್ಲಿ, ಜಿನ್ನಿಂಗ್ ಮಿಲ್ಲಿನ ಬೀಜದ ರಾಶಿಯಲ್ಲಿ. ಬೇಸಿಗೆ ಕಳೆದು ಮೊದಲ ಮಳೆಯ ತೇವ ತಾಕುತ್ತಲೇ ಪತಂಗವಾಗಿ ಏಳುತ್ತದೆ. ಆಗ ಹೊಲದಲ್ಲಿ ಹತ್ತಿಯ ಮೊಗ್ಗು ಇಲ್ಲದಿದ್ದರೆ ವಂಶವಿಲ್ಲದೆ ಸಾಯುತ್ತದೆ. ಬಾವಿ ನೀರಿದ್ದವರು ಮೇ ತಿಂಗಳಲ್ಲೇ ಬಿತ್ತಿದರೆ ಅದಕ್ಕೆ ಮನೆ ಸಿಕ್ಕಂತೆ. 75ರಿಂದ 100 ಮಿ.ಮೀ. ಮಳೆಯಾದ ಮೇಲೆ ಬಿತ್ತಿ ಎಂದು ಕೃಷಿ ತಜ್ಞರು ಹೇಳುವುದರಲ್ಲಿ ಮೊಳಕೆಯ ಕಾಳಜಿಯ ಜೊತೆ ಈ ಲೆಕ್ಕವೂ ಕೂಡುತ್ತದೆ. ಪತಂಗಕ್ಕೆ ಗಡಿಯಿಲ್ಲ. ಈ ಮಾತನ್ನು ನಿಲಂಗಾದಲ್ಲಿ ಪಾಲಿಸಿ ಭಾಲ್ಕಿಯಲ್ಲಿ ಬಿಟ್ಟರೆ, ಅಥವಾ ಇಲ್ಲಿ ಪಾಲಿಸಿ ಅಲ್ಲಿ ಬಿಟ್ಟರೆ, ಇಬ್ಬರಿಗೂ ಲಾಭವಿಲ್ಲ.

ಔರಾದ ಶಹಾಜನಿಯ ಸುತ್ತ ಈಗ ಸೋಯಾ, ತೊಗರಿಯದೇ ಮೇಲುಗೈ, ನಿಜ. ಆದರೆ ಹಸಿರು ಕಾಯಿಕೊರಕಕ್ಕೆ ಹತ್ತಿ, ತೊಗರಿ, ಕಡಲೆ ಮೂರೂ ಒಂದೇ. ಹಿಂಗಾರಿನ ಮೋಡ ತೊಗರಿಯ ಹೂವಿನ ಮೇಲೆ ಬಂದು ನಿಂತರೆ ಹತ್ತಿಯಲ್ಲಿ ಬೆಳೆದ ಪೀಳಿಗೆ ಅಲ್ಲಿಗೆ ಹಾರುತ್ತದೆ.

2008ರಲ್ಲಿ ಎಲೆ ತಿನ್ನುವ ಕೀಡೆ ಸೋಯಾವನ್ನು ಬೋಳಾಗಿಸಿದ ಮೇಲೆ ಮಹಾರಾಷ್ಟ್ರ 2009ರಲ್ಲಿ ‘ಕ್ರಾಪ್‌ಸ್ಯಾಪ್’ ಎಂಬ ಕೀಟ ಸಮೀಕ್ಷೆ ಶುರುಮಾಡಿತು. ಹತ್ತಿ, ತೊಗರಿಯೂ ಅದರಲ್ಲಿವೆ. ಅಲ್ಲಿ ಕಂದಾಯ ಮಂಡಲಗಳಲ್ಲಿ ‘ಮಹಾವೇಧ್’ ಹವಾಮಾನ ಕೇಂದ್ರಗಳು. ಇತ್ತ ಕರ್ನಾಟಕದಲ್ಲಿ ಹೋಬಳಿಗೆ ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೆ ಮಳೆಮಾಪಕ. ಅಂಕಿಗಳಿಗೆ ಬರವಿಲ್ಲ. ಅವನ್ನು ‘ನಾಳೆ ಎಣ್ಣೆ ಹೊಡೆಯಬೇಡ, ನಾಡಿದ್ದು ಮೊಟ್ಟೆ ಹುಡುಕು’ ಎಂಬ ಮಾತಾಗಿಸುವ ಜನ ಬೇಕು. ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳು ಆ ಕೆಲಸಕ್ಕೆಂದೇ ಇದ್ದವು. 2024ರ ಆರಂಭದಲ್ಲಿ ಅವನ್ನು ಮುಚ್ಚಿಸಿದ್ದು ತಪ್ಪು ನಿರ್ಧಾರ.

ಲಿಂಗಾಕರ್ಷಕ ಬಲೆಗೆ ಸತತ ಮೂರು ದಿನ, ದಿನಕ್ಕೆ ಎಂಟು ಗುಲಾಬಿ ಪತಂಗ ಬಿದ್ದರೆ ಸಿಂಪಡಣೆಗೆ ಸಮಯ ಬಂತೆಂದು ಲೆಕ್ಕ. ಔರಾದ ಶಹಾಜನಿಯ ಬಲೆಯಲ್ಲಿ ಎಂಟು ಬಿದ್ದ ಸುದ್ದಿ ಅದೇ ಸಂಜೆ ಭಾಲ್ಕಿಯ ರೈತನ ಫೋನಿಗೆ ಕನ್ನಡದಲ್ಲಿ ತಲುಪಬೇಕು. ಔರಾದ ಶಹಾಜನಿಯ ಕನ್ನಡದ ಮನೆಗೂ ಮರಾಠಿಯ ಜೊತೆಗೆ ಕನ್ನಡದಲ್ಲೇ ಬರಬೇಕು. ಪರಭಣಿ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು, ಲಾತೂರ ಮತ್ತು ಬೀದರದ ಕೃಷಿ ಅಧಿಕಾರಿಗಳು ಬರುವ ಮೇ ತಿಂಗಳಿಗೆ ಮುಂಚೆ ಒಮ್ಮೆ ಕೂತು, ಗಡಿಯ ಎರಡೂ ಬದಿಗೆ ಒಂದೇ ಬಿತ್ತನೆ ದಿನ ಗೊತ್ತುಮಾಡಲಿ.