ಕಿಶಿ ನಿಲ್ದಾಣವನ್ನು ಉಳಿಸಿದವರು

ಜಪಾನಿನ ವಕಾಯಾಮ ಪ್ರಾಂತದಲ್ಲಿ ಕಿಶಿ ಎಂಬ ಪುಟ್ಟ ರೈಲು ನಿಲ್ದಾಣವಿದೆ. ವೆಚ್ಚ ತಗ್ಗಿಸಲೆಂದು 2006ರಲ್ಲಿ ಅಲ್ಲಿಯ ಸಿಬ್ಬಂದಿಯನ್ನು ಹಿಂತೆಗೆಯಲಾಯಿತು. ಮರುವರ್ಷ ಜನವರಿಯಲ್ಲಿ, ಪಕ್ಕದ ಅಂಗಡಿಯವರು ಸಾಕಿದ್ದ ತಾಮ ಎಂಬ ಬೆಕ್ಕಿಗೆ ಟೋಪಿ ತೊಡಿಸಿ ಸ್ಟೇಷನ್ ಮಾಸ್ತರ ಪದವಿಯನ್ನಿತ್ತರು. ಅದಕ್ಕೆ ಸಂಬಳವೆಂದರೆ ತಿನ್ನುವ ಆಹಾರವೇ. ಅದನ್ನು ಕಾಣಲು ದೇಶವಿದೇಶಗಳಿಂದ ಜನರು ಬಂದರು. ಬೆಕ್ಕೊಂದು ರೈಲುಮಾರ್ಗವನ್ನೇ ಉಳಿಸಿತೆಂದು ಲೋಕವು ಕೊಂಡಾಡಿತು.

ಈ ಮಾತು ಅರ್ಧಸತ್ಯವೆಂದೇ ನನ್ನ ಅಭಿಪ್ರಾಯ. ವಕಾಯಾಮ ನಗರದಿಂದ ಕಿಶಿಯವರೆಗಿನ 14.3 ಕಿಲೋಮೀಟರ್ ಮಾರ್ಗವು ನಷ್ಟದಲ್ಲಿದೆಯೆಂದು, ಅದನ್ನು ನಡೆಸುತ್ತಿದ್ದ ಕಂಪನಿಯು 2004ರಲ್ಲಿ ಕೈಬಿಡಲು ನಿಶ್ಚಯಿಸಿತು. ಆಗ ಸ್ಥಳೀಯರು ಸಂಘ ಕಟ್ಟಿ, ಮಾರ್ಗವು ಉಳಿಯಬೇಕೆಂದು ಶ್ರಮಿಸಿದರು. ಭೂಮಿಯನ್ನು ಕೊಳ್ಳುವ ವೆಚ್ಚವನ್ನು ಪ್ರಾಂತ ಸರ್ಕಾರವು ಹೊತ್ತಿತು. ಹತ್ತು ವರ್ಷಗಳ ನಷ್ಟವನ್ನು ಗೊತ್ತಾದ ಮಿತಿಯವರೆಗೆ ತುಂಬಿಕೊಡಲು ಸ್ಥಳೀಯ ಆಡಳಿತಗಳು ಒಪ್ಪಿದವು. 2006ರ ಏಪ್ರಿಲಿನಲ್ಲಿ ಹೊಸ ಕಂಪನಿಯೊಂದು ಮಾರ್ಗವನ್ನು ವಹಿಸಿಕೊಂಡಿತು. ಇಷ್ಟೆಲ್ಲ ನಡೆದದ್ದು ಬೆಕ್ಕಿಗೆ ಪದವಿ ದೊರೆಯುವ ಮೊದಲು.

ತಾಮನಿಂದ ಉಪಕಾರವಾಗಲಿಲ್ಲವೆಂದು ಯಾರೂ ಹೇಳಲಾರರು. ಅದರ ಕೀರ್ತಿಯಿಂದ ಪ್ರಯಾಣಿಕರು ಹೆಚ್ಚಿದರು. 2010ರಲ್ಲಿ ಬೆಕ್ಕಿನ ಮುಖವನ್ನು ಹೋಲುವ ಹೊಸ ಕಟ್ಟಡವೂ ಎದ್ದಿತು. ಆದರೆ ಅಷ್ಟನ್ನೇ ಕಂಡು ಮರುಳಾಗಿ, ತಮ್ಮ ಊರಿನ ಮಾರ್ಗಕ್ಕೂ ಅಂಥದೊಂದು ಬೆಕ್ಕು ಸಾಕೆಂದು ಯಾರಾದರೂ ಬಗೆದರೆ ನಿರಾಶರಾದಾರು. 2015ರಲ್ಲಿ ತಾಮ ತೀರಿಕೊಂಡಿತು. ರೈಲು ಇಂದಿಗೂ ಓಡುತ್ತಿದೆ. ಅದರ ನಷ್ಟದಲ್ಲಿ ಪಾಲುಗೊಳ್ಳಲು ಮುಂದೆ ಬಂದ ಆ ಊರುಗಳಿಗೇ ಮೊದಲ ಮನ್ನಣೆ ಸಲ್ಲತಕ್ಕದ್ದು.