ಐಟಿಐ ಹುಡುಗನಿಗೆ ಗ್ಯಾರೇಜೂ ಪಾಠಶಾಲೆಯಾಗಲಿ



ಮುಂಗಾರಿನ ಹದ ಹೆಚ್ಚು ದಿನ ನಿಲ್ಲುವುದಿಲ್ಲ. ಅಂಥ ದಿನಗಳಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ಮೆಕ್ಯಾನಿಕನನ್ನು ಹುಡುಕಿಕೊಂಡು ಹಾನಗಲ್ಲಿಗೋ ಹಿರೇಕೆರೂರಿಗೋ ಓಡಬೇಕು. ಗೋವಿನಜೋಳದ ಬಿತ್ತನೆ ತಡವಾದರೆ ಇಳುವರಿಗೆ ಪೆಟ್ಟು. ಇತ್ತ ಅದೇ ಊರಿನಲ್ಲಿ ಐಟಿಐ ಮುಗಿಸಿದ ಹುಡುಗ ಪ್ರಮಾಣಪತ್ರ ಹಿಡಿದು ಕೆಲಸವಿಲ್ಲದೆ ಕುಳಿತಿರುತ್ತಾನೆ. ಒಂದು ಕಡೆ ಕೆಲಸ, ಇನ್ನೊಂದು ಕಡೆ ಕೈ. ಇವೆರಡೂ ಏಕೆ ಕೂಡುತ್ತಿಲ್ಲ?

ಐಟಿಐಯಲ್ಲಿ ಹುಡುಗ ಬಿಚ್ಚಿ ಜೋಡಿಸುವುದು ತರಬೇತಿಗೆಂದೇ ಇಟ್ಟ ಎಂಜಿನ್ನನ್ನು. ಕೆಸರಿನಲ್ಲಿ ನಿಂತ ಹಳೆಯ ಯಂತ್ರದ ರೋಗ ಯಾವುದೆಂದು ಅದು ಕಲಿಸದು. ಗ್ಯಾರೇಜಿನಲ್ಲೇ ಬೆಳೆದ ಹುಡುಗನಿಗೆ ಕೈ ಪಳಗಿರುತ್ತದೆ, ಆದರೆ ಹೈಡ್ರಾಲಿಕ್ ಏಕೆ ಎತ್ತುತ್ತಿಲ್ಲ ಎಂಬ ಕಾರಣ ತಿಳಿದಿರುವುದಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯಂತೆ ಎರಡೂ ಸೇರಿದಾಗಲೇ ಕಸಬು ಪೂರ್ತಿಯಾಗುತ್ತದೆ.

ಸರ್ಕಾರಗಳು ಈ ದಿಸೆಯಲ್ಲಿ ದೊಡ್ಡ ಹೆಜ್ಜೆಗಳನ್ನೇ ಇಟ್ಟಿವೆ. ಟಾಟಾ ಟೆಕ್ನಾಲಜೀಸ್ ಕಂಪನಿಯ ಸಹಯೋಗದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಸರ್ಕಾರಿ ಐಟಿಐಗಳು 2022ರ ಜೂನ್‌ನಲ್ಲಿ ಉದ್ಘಾಟನೆಯಾದವು. 2025ರ ಅಕ್ಟೋಬರಿನಲ್ಲಿ ಕೇಂದ್ರವು 60,000 ಕೋಟಿ ರೂಪಾಯಿಯ ಪಿಎಂ-ಸೇತು ಯೋಜನೆ ಆರಂಭಿಸಿತು. ದೇಶದ 1,000 ಸರ್ಕಾರಿ ಐಟಿಐಗಳನ್ನು ಉದ್ಯಮಗಳ ಜೊತೆಗೂಡಿ ಸುಧಾರಿಸುವುದು ಅದರ ಗುರಿ. ಇವು ಸ್ವಾಗತಾರ್ಹವೇ. ಆದರೆ ಇಲ್ಲಿ ಉದ್ಯಮವೆಂದರೆ ಬಹುಮಟ್ಟಿಗೆ ದೊಡ್ಡ ಕಂಪನಿ. ಶಿಗ್ಗಾಂವಿ, ಸವಣೂರಿನಂಥ ಪೇಟೆಗಳಲ್ಲಿ ನಮಗಿರುವುದು ಟ್ರ್ಯಾಕ್ಟರ್ ಗ್ಯಾರೇಜು, ಪಂಪ್‌ಸೆಟ್ ರಿಪೇರಿ ಅಂಗಡಿ, ವೆಲ್ಡಿಂಗ್ ಶೆಡ್ಡು.

ಕಾನೂನಿನ ಸ್ಥಿತಿಯನ್ನೂ ನೋಡೋಣ. 1961ರ ಅಪ್ರೆಂಟಿಸ್ ಕಾಯ್ದೆಗೆ ಸಂಬಂಧಿಸಿದ 2019ರ ನಿಯಮದಂತೆ, 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿಯಿದ್ದರೆ ಐಚ್ಛಿಕ. ಮಾಲೀಕನೂ ಇಬ್ಬರು ಕೆಲಸಗಾರರೂ ಇರುವ ಗ್ಯಾರೇಜು ಇದರ ಹೊರಗೇ ಉಳಿಯುತ್ತದೆ. ಆದರೆ ಇನ್ನೊಂದು ದಾರಿಯಿದೆ. 2022ರ ಹೊಸ ಪಠ್ಯಕ್ರಮದ ಪ್ರಕಾರ ಐಟಿಐ ವಿದ್ಯಾರ್ಥಿ ವರ್ಷಕ್ಕೆ 150 ಗಂಟೆ ಹತ್ತಿರದ ಉದ್ಯಮದಲ್ಲಿ ಕೆಲಸ ಕಲಿಯಬೇಕು. ಅಂಥ ಉದ್ಯಮ ಸಿಗದಿದ್ದರೆ ಗುಂಪು ಪ್ರಾಜೆಕ್ಟ್ ಮಾಡಬೇಕು. ದಿನಕ್ಕೆ 6 ಗಂಟೆಯಂತೆ ಹಿಡಿದರೆ 25 ದಿನಗಳಾದವು. ನಮ್ಮ ಪೇಟೆಗಳಿಗೆ ಒದಗುವ ಸೇತುವೆ ಇದೇ.

ಈ 25 ದಿನಗಳು ಚಹಾ ತರುವುದರಲ್ಲಿ, ಕಸ ಗುಡಿಸುವುದರಲ್ಲಿ ಕಳೆದುಹೋಗಬಾರದು. ಅದಕ್ಕಾಗಿ ಐಟಿಐಯ ಕಿರಿಯ ತರಬೇತಿ ಅಧಿಕಾರಿಯೂ ಗ್ಯಾರೇಜಿನ ಮಾಲೀಕರೂ ಮೊದಲೇ ಕೂತು ಕಲಿಸತಕ್ಕ ಕೆಲಸಗಳ ಪಟ್ಟಿ ಮಾಡಬೇಕು. ಮೊದಲ ವಾರ ಆಯಿಲ್, ಫಿಲ್ಟರ್, ಏರ್ ಕ್ಲೀನರ್, ಎರಡನೆಯ ವಾರ ಡೀಸೆಲ್ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯುವುದು, ಮುಂದೆ ಕ್ಲಚ್, ಬ್ರೇಕ್, ಕೊನೆಗೆ ಹೈಡ್ರಾಲಿಕ್. ಹುಡುಗ ಮಾಡಿದ್ದನ್ನು ದಿನವೂ ಪುಸ್ತಕದಲ್ಲಿ ಬರೆದು ಮಾಲೀಕರ ಸಹಿ ಪಡೆಯಬೇಕು. ಶಿಕ್ಷಕರು ವಾರಕ್ಕೊಮ್ಮೆಯಾದರೂ ಬಂದು, ಮಾಡಿದ ಕೆಲಸದ ಕಾರಣವನ್ನು ಹುಡುಗನಿಂದಲೇ ಹೇಳಿಸಬೇಕು.

ಮಾಲೀಕರ ಅಡಚಣೆಯನ್ನೂ ತಳ್ಳಿಹಾಕುವಂತಿಲ್ಲ. ಬಿತ್ತನೆಯ ತುರ್ತಿನಲ್ಲಿ ಅವರಿಗೆ ಕಲಿಸಲು ಪುರಸೊತ್ತಿಲ್ಲ. ಗಿರಾಕಿಯ ಯಂತ್ರ ಕೆಟ್ಟರೆ ಮಾತು ಕೇಳುವವರೂ ಅವರೇ. ಆದ್ದರಿಂದ ಯಂತ್ರಗಳು ಸರ್ವಿಸಿಗೆ ಬರುವ ಮುಂಗಾರು ಪೂರ್ವದ ವಾರಗಳು ಕಲಿಕೆಗೆ ಯೋಗ್ಯ. ಒಂದು ಗ್ಯಾರೇಜಿಗೆ ಒಬ್ಬಿಬ್ಬರನ್ನಷ್ಟೇ ಕಳಿಸುವುದು ಲೇಸು. ಹಳೆಯ ಮೇಸ್ತ್ರಿಗೆ ಹೊಸ ಟ್ರ್ಯಾಕ್ಟರಿನ ವಿದ್ಯುತ್ ಜೋಡಣೆಯ ಸಂದೇಹ ಬಂದರೆ ಶಿಕ್ಷಕರು ಬಗೆಹರಿಸಿಕೊಡಲಿ. ಕೊಡುವುದೂ ಪಡೆಯುವುದೂ ಇದ್ದರೆ ಸಂಬಂಧ ಉಳಿಯುತ್ತದೆ.

ಮಗನನ್ನು ಐಟಿಐಗೆ ಕಳಿಸುವ ತಂದೆತಾಯಂದಿರು ನಾಲ್ಕು ಪ್ರಶ್ನೆ ಕೇಳತಕ್ಕದ್ದು:

1. 150 ಗಂಟೆಯ ಕೆಲಸ ಎಲ್ಲಿ, ಯಾರ ಕೈಕೆಳಗೆ?
2. ಕಲಿಸುವ ಕೆಲಸಗಳ ಪಟ್ಟಿ ಇದೆಯೇ?
3. ಶಿಕ್ಷಕರು ಎಷ್ಟು ಸಲ ಬಂದು ನೋಡುತ್ತಾರೆ?
4. ಗಾಯವಾದರೆ ಖರ್ಚು ಯಾರದು?

ಐಟಿಐ ಮುಗಿದ ಮೇಲೆ ಕಂಪನಿಗೆ ಅಪ್ರೆಂಟಿಸ್ ಆಗಿ ಹೋಗುವವರ ವಿಷಯ ಬೇರೆ. ಅಲ್ಲಿ ನೋಂದಾಯಿತ ಕರಾರು ಇರಲೇಬೇಕು. 2019ರ ನಿಯಮ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಶಿಷ್ಯವೇತನ ಗೊತ್ತುಪಡಿಸಿತು. ಅದನ್ನು ಹೆಚ್ಚಿಸಬೇಕೆಂದು 2025ರಲ್ಲಿ ಶಿಫಾರಸಾಗಿದೆ. ಸೇರುವ ದಿನದ ದರವನ್ನು ಐಟಿಐಯಲ್ಲೇ ಕೇಳಿ ತಿಳಿಯಿರಿ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಕಂಪನಿಗಿಲ್ಲವೆಂಬುದೂ ನೆನಪಿರಲಿ.

ಹನುಮನಮಟ್ಟಿ ಕೃಷಿ ಕಾಲೇಜಿನಂಥ ಕಾಲೇಜುಗಳ ವಿದ್ಯಾರ್ಥಿಗಳು ಕೊನೆಯ ವರ್ಷ ಹಳ್ಳಿಗೆ ಬಂದು ರೈತರಿಂದ ಕಲಿಯುವುದು ನಿಮಗೆ ಹೊಸತಲ್ಲ. ಹೊಲ ಪಾಠಶಾಲೆ ಆಗುವುದಾದರೆ ಗ್ಯಾರೇಜು ಏಕಾಗಬಾರದು? ನಿಮ್ಮ ಟ್ರ್ಯಾಕ್ಟರನ್ನು ಸರ್ವಿಸಿಗೆ ಬಿಡುವಾಗ, "ಐಟಿಐ ಹುಡುಗನೂ ನಿಮ್ಮ ಜೊತೆ ಕೈಹಾಕಲಿ, ನೀವು ಎದುರಿಗಿದ್ದು ನೋಡಿಕೊಳ್ಳಿ" ಎಂದು ಮೇಸ್ತ್ರಿಗೆ ಹೇಳಿ. ನಾಳೆ ಹದದ ದಿನ ನಿಮ್ಮ ಹೊಲದ ಬದುವಿಗೆ ಬರುವವನು ಅವನೇ.